ಬಲಗಡೆಯ ಪುಟ

ಕಾಕಾ ಹಲ್ಲಿನಿಂದ ಕೇಳುತ್ತಿದ್ದರು. ಮೂವತ್ತು ವರ್ಷ ರೈಲಿನ ಎಂಜಿನ್ ಮೇಲೆ ನಿಂತು ಎರಡೂ ಕಿವಿ ಮಂದವಾಗಿದ್ದವು. ಅದಕ್ಕೆಂದೇ ಮೊಳದುದ್ದದ ಬೀಟೆ ಕಟ್ಟಿಗೆಯ ಕೋಲೊಂದನ್ನು ಇಟ್ಟುಕೊಂಡಿದ್ದರು. ಅದರ ಒಂದು ತುದಿಯನ್ನು ಯಂತ್ರಕ್ಕೆ ತಾಗಿಸಿ, ಇನ್ನೊಂದನ್ನು ಮುಂದಿನ ಹಲ್ಲುಗಳ ನಡುವೆ ಕಚ್ಚಿ ಹಿಡಿದು, ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಕಚ್ಚಿ ಕಚ್ಚಿ ಕೋಲಿನ ತುದಿಯಲ್ಲಿ ಇಲಿ ಕಡಿದಂಥ ಗುರುತುಗಳಾಗಿದ್ದವು. ನಮ್ಮ ವಾಡೆಯ ಬಾವಿಯ ರಾಟೆ, ಅವ್ವನ ಹೊಲಿಗೆ ಯಂತ್ರ, ಗೋಡೆಯ ಗಡಿಯಾರ, ಎಲ್ಲದರ ಆರೋಗ್ಯವನ್ನೂ ಅವರು ಹೀಗೇ ವಿಚಾರಿಸುತ್ತಿದ್ದರು. ಹೆರಿಗೆಯ ಡಾಕ್ಟರಾದ ನಾನು ಬಸುರಿಯರ ಹೊಟ್ಟೆಗೆ ಕಟ್ಟಿಗೆಯ ನಳಿಗೆ ಇಟ್ಟು ಕೂಸಿನ ಎದೆಬಡಿತ ಕೇಳುವುದನ್ನು ಮೊದಲ ಸಲ ನೋಡಿದ ದಿನ ಅವರಿಗೆ ಭಾಳ ಖುಷಿಯಾಗಿತ್ತು. "ಅಂದ್ರ ನೀನೂ ನನ್ನ ಧಂದೇದಾಕಿನ," ಎಂದಿದ್ದರು.

ಪುಣೆಯ ಶನಿವಾರ ಪೇಟೆಯ, ಹಲವು ಬಿಡಾರಗಳ ವಾಡೆಯೊಂದರಲ್ಲಿ ನಮ್ಮದು ಮೇಲಿನ ಮಜಲು. ಅಂಗಳದ ಆಚೆ ಕೆಳಗಿನ ಎರಡು ಕೋಣೆ ಅವರದು. ನಾವು ಧಾರವಾಡದ ಕಡೆಯವರು, ಅವರು ಹುಬ್ಬಳ್ಳಿಯವರು. ಪುಣೆ–ಮೀರಜ ದಾರಿಯಲ್ಲಿ ಎಂಜಿನ್ ನಡೆಸಿ, ನಿವೃತ್ತರಾಗಿ, ಮಡದಿಯನ್ನು ಕಳೆದುಕೊಂಡು ಇಲ್ಲಿಯೇ ಉಳಿದಿದ್ದರು. ನಮ್ಮ ತಂದೆ ತೀರಿಕೊಂಡ ಮೇಲೆ, ಅವ್ವ ಮತ್ತು ನಾನು ಇಬ್ಬರೇ ಇದ್ದ ಮನೆಗೆ ದಿನಕ್ಕೆರಡು ಸಲ ಚಹಾಕ್ಕೆ ಬರುವ ಒಬ್ಬರೇ ಗಂಡಸು ಅವರು. ನಾನು ಕಾಕಾ ಎನ್ನುತ್ತಿದ್ದೆ. ಅವರಿಗೆ ನಾನು ತಂಗಿ. ಸಿಟ್ಟು ಬಂದಾಗ ಮಾತ್ರ ಡಾಕ್ಟರಬಾಯಿ. ಕಪ್ಪು ಮುಟ್ಟುವ ಮೊದಲು ಜೇಬಿನಿಂದ ಹತ್ತಿಯ ಚಿಂದಿ ತೆಗೆದು ಕೈ ಒರೆಸಿಕೊಳ್ಳುತ್ತಿದ್ದರು. ಕೈಗೆ ಎಣ್ಣೆ ತಾಗಿ ವರ್ಷಗಳೇ ಆಗಿದ್ದವು, ಆದರೂ ಒರೆಸಿಕೊಳ್ಳುತ್ತಿದ್ದರು.

ನನಗೆ ಮೋಟಾರು ಬೇಕಾದದ್ದು ಶೋಕಿಗಲ್ಲ. ದಿವೆ ಘಾಟಿನ ಆಚೆ, ಸಾಸವಡದ ಸುತ್ತಿನ ಹಳ್ಳಿಗಳಿಗೆ ಹೆರಿಗೆಯ ಡಾಕ್ಟರನ್ನು ಕಳಿಸುವ ಕೆಲಸವನ್ನು ಒಂದು ಧರ್ಮಸಂಸ್ಥೆ ಕೈಗೆತ್ತಿಕೊಂಡಿತ್ತು. ಹೆಂಗಸೇ ಆಗಬೇಕು, ಸ್ವಂತ ಗಾಡಿ ಇರಬೇಕು ಎಂಬ ಎರಡು ಷರತ್ತು. ಅಂಥವಳು ಇಡೀ ಪುಣೆಯಲ್ಲಿ ಸಿಗಲಿಕ್ಕಿಲ್ಲವೆಂದು ಅವರು ನಂಬಿಕೊಂಡಿದ್ದರೋ ಏನೋ, ನಾನು ಹೋಗಿ ನಿಂತಾಗ ಸಂಸ್ಥೆಯ ಮಂಡಳಿಯವರ ಮುಖ ಸ್ವಲ್ಪ ಇಳಿಯಿತು. ವರ್ಷಾಂತ್ಯದವರೆಗೆ ನೋಡುತ್ತೇವೆ, ಗಾಡಿಯೂ ಗಾಡಿ ಓಡಿಸುವವರೂ ನೆಚ್ಚಿಕೊಳ್ಳುವಂತಿದ್ದರೆ ಮುಂದುವರಿಸುತ್ತೇವೆ ಎಂದರು. ನಾನು ದಂಡುಪ್ರದೇಶದ ಕ್ಯಾಂಪಿನ ಮೋಟಾರು ಏಜೆನ್ಸಿಯಿಂದ ಹೊಸ ಗಾಡಿ ತಂದೆ. ಅದರೊಡನೆ ಇಂಗ್ಲಿಷಿನಲ್ಲಿ ಅಚ್ಚಾದ ಒಂದು ಗ್ಯಾರಂಟಿ ಕಾಗದವೂ ಬಂತು. ಗಾಡಿಯ ಬಣ್ಣ ನೋಡುವ ಸಂಭ್ರಮದಲ್ಲಿ ನಾನು ಅದನ್ನು ಮಡಚಿ ಪರ್ಸಿನಲ್ಲಿ ಇಟ್ಟೆ.

ಕಾಕಾ ಬಣ್ಣ ನೋಡಲಿಲ್ಲ. "ಆ ಕಾಗದ ತಗೀ. ಓದಿ ಹೇಳು," ಎಂದರು. ಓದಿದೆ. ತೊಂಬತ್ತು ದಿನಗಳೊಳಗೆ ಕಾರ್ಖಾನೆಯ ದೋಷದಿಂದ ಯಾವ ಭಾಗ ಕೆಟ್ಟರೂ ಬದಲಿಸಿಕೊಡುತ್ತೇವೆ. ಬೇರೆಯವರು ಬಿಚ್ಚಿದರೆ, ಅಥವಾ ಮಾಲೀಕರು ತಪ್ಪಾಗಿ ಬಳಸಿದರೆ ಹೊಣೆ ನಮ್ಮದಲ್ಲ, ಇದು ಅದರ ಸಾರ. "ಇನ್ನೊಮ್ಮೆ ಓದು," ಎಂದರು. ಮೂರು ಸಲ ಓದಿಸಿದರು. ಆಮೇಲೆ ತಮ್ಮ ಕೋಣೆಯಿಂದ ಗಟ್ಟಿ ರಟ್ಟಿನ ನೋಟ್‌ಬುಕ್ಕೊಂದನ್ನು ತಂದು ಜಗಲಿಯ ಮೇಲೆ ಬಿಚ್ಚಿ ಕೂತರು. ಎಡಗಡೆಯ ಪುಟದ ನೆತ್ತಿಯ ಮೇಲೆ "ಗಾಡಿ ಮಾಡಿದ್ದು" ಎಂದು ಬರೆದರು. ಬಲಗಡೆಯ ಪುಟದ ಮೇಲೆ "ನಾವು ಮಾಡಿದ್ದು".

ರೈಲಿನಲ್ಲಿ ಕೆಲಸ ಮುಗಿಸಿ ಎಂಜಿನ್ನನ್ನು ಶೆಡ್ಡಿಗೆ ತಂದ ಡ್ರೈವರ್, ಮನೆಗೆ ಹೋಗುವ ಮೊದಲು ಅಲ್ಲಿಯ ಪುಸ್ತಕದಲ್ಲಿ ಅದರ ಬೇನೆಯನ್ನೆಲ್ಲ ಬರೆಯಬೇಕಿತ್ತಂತೆ. ಬಲಗಡೆಯ ಪುಟ ಮಾತ್ರ ಕಾಕಾ ಅವರ ಸ್ವಂತದ ಪದ್ಧತಿ. "ಎಡಕ್ಕ ಎಲ್ಲಾರೂ ಬರೀತಾರ, ತಂಗಿ. ಬಲಕ್ಕ ಬರದ್ರ ಖರೇ," ಎಂದರು. ಇನ್ನೊಂದು ಮಾತನ್ನೂ ಅವರು ಯಾವಾಗಲೂ ಹೇಳುತ್ತಿದ್ದರು: "ಮೊದಲ ಆದದ್ದು ಬರಿ. ಯಾಕ ಆತು ಅನ್ನೋದು ಊಟ ಆದಮ್ಯಾಲ."

ನನ್ನ ಜೊತೆ ಘಾಟಿಗೆ ಬರಲು ಒಪ್ಪಿದರು, ಆದರೆ ಮುಂದಿನ ಸೀಟಿನಲ್ಲಿ ಕೂರಲು ಸುತರಾಂ ಒಪ್ಪಲಿಲ್ಲ. "ರೈಲಿಗೆ ಹಳಿ ಅದ. ಇದಕ್ಕೇನದ? ನಿನ್ನ ಕೈ ಅಷ್ಟ," ಎಂದು ಹಿಂದೆ ಕೂತು, ತಮ್ಮ ಜೇಬಿನ ಗಡಿಯಾರವನ್ನು ಅಂಗೈಯಲ್ಲಿ ಹಿಡಿದುಕೊಂಡರು. ಗಾಡಿ ಬಂದ ನಾಲ್ಕನೆಯ ದಿನ ಅದು. ಹಡಪ್ಸರ್ ದಾಟುವತನಕ ಗಾಡಿ ಚೆನ್ನಾಗಿಯೇ ಓಡಿತು. ಘಾಟಿನ ಅರ್ಧ ಏರುವಷ್ಟರಲ್ಲಿ ಮುಂದಿನ ರೇಡಿಯೇಟರಿನ ಮುಚ್ಚಳದಿಂದ ಉಗಿ ಬುಸ್ಸೆಂದು ಎದ್ದಿತು. ನೀರು ಕೊತಕೊತ ಕುದಿಯುತ್ತಿತ್ತು. ರಸ್ತೆಯ ಬದಿಗೆ ನಿಂತು, ಆರಿಸಿ, ನೀರು ಹಾಕಿ ಮೇಲೆ ಹತ್ತಿದೆವು.

ಮರುದಿನವೇ ಏಜೆನ್ಸಿಗೆ ಹೋದೆ. ಅಲ್ಲಿಯ ಮ್ಯಾನೇಜರ್ ಮೃದು ಮಾತಿನ ಮನುಷ್ಯ. ಹೊಸ ಎಂಜಿನ್ ಬಿಗಿಯಾಗಿರುತ್ತದೆ ಬಾಯಿ, ತಾನೇ ಸಡಿಲಾಗುತ್ತದೆ ಎಂದು ಮರಾಠಿಯಲ್ಲಿ ಹೇಳಿ ಚಹಾ ಕುಡಿಸಿ ಕಳಿಸಿದ. ಎರಡನೆಯ ಸಲ ಹೋದಾಗ, ಘಾಟಿನಲ್ಲಿ ಗೇರು ಹಾಕುವುದು ಹೆಂಗಸರಿಗೆ ತುಸು ಕಷ್ಟ ಎಂದ. ಹೆಣವನ್ನು ಕೊಯ್ದು ಪಾಠ ಕಲಿತವಳಿಗೆ ಗೇರು ಹಾಕುವುದು ಕಷ್ಟವೇ ಎಂದು ಕೇಳಬೇಕೆಂದಿದ್ದೆ. ಚಹಾ ಕುಡಿದಾಗಿತ್ತು, ಕೇಳಲಿಲ್ಲ.

ಇದರ ನಡುವೆ ಖಂಡೇನವಮಿ ಬಂತು, ನಾವು ದೊಡ್ಡ ತಪ್ಪು ಮಾಡಿದೆವು. ಅವ್ವ ಗಾಡಿಗೆ ಅರಿಶಿನ ಕುಂಕುಮ ಹಚ್ಚಿ, ಚೆಂಡು ಹೂವಿನ ಮಾಲೆ ಹಾಕಿ, ಕಾಯಿ ಒಡೆದಳು. ನಮಗೆಲ್ಲ ತೀರ್ಥ ಕೊಟ್ಟಳು. ಅಷ್ಟರಲ್ಲಿ ಕಾಕಾ ರೇಡಿಯೇಟರಿನ ಮುಚ್ಚಳ ತೆಗೆದು ನೀರು ತುಂಬುತ್ತಿದ್ದರು. ಅವ್ವ ಬಗ್ಗಿ ನೋಡಿ, "ಇದು ನೀರು ಕುಡೀತದೇನು?" ಎಂದಳು. ಹೌದ್ರಿ ವೈನಿ, ದಿನಾ ಕುಡೀತದ ಎಂದರು ಕಾಕಾ. "ಹಂಗಾದ್ರ ಇದೊಂದಕ್ಕ ಯಾಕ ತಪ್ಪಸಬೇಕು?" ಎಂದು ಅವ್ವ ಮೂರು ಉದ್ಧರಣೆ ತೀರ್ಥ ಹಾಕಿಯೇಬಿಟ್ಟಳು, ತುಳಸಿ ದಳದ ಸಮೇತ. ನಾನು ನಕ್ಕೆ. ಕಾಕಾ ಮುಚ್ಚಳ ತಿರುಗಿಸಿ ಬಿಗಿದರು. ಸಂಜೆ ನೋಟ್‌ಬುಕ್ಕಿನ ಬಲಗಡೆಯ ಪುಟದಲ್ಲಿ ಹೀಗೆ ಬರೆದಿದ್ದರು: "ಗಾಡಿಯ ನೀರಿನಲ್ಲಿ ತೀರ್ಥ ಮತ್ತು ತುಳಸಿ ಹಾಕಿದೆವು. ಹಾಕಬಾರದೆಂದು ನನಗೆ ಗೊತ್ತಿತ್ತು. ಬೇಡ ಅನ್ನಲಿಲ್ಲ."

ದೀಪಾವಳಿ ಕಳೆದು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಘಾಟಿನ ಆಚೆಯ ಹಳ್ಳಿಯಿಂದ ಕರೆ ಬಂತು. ಹಿಂದಿನ ದಿನದಿಂದ ಬೇನೆ ತಿನ್ನುತ್ತಿರುವ ಚೊಚ್ಚಲ ಬಸುರಿ. ಆ ದಿನ ಗಾಡಿ ಘಾಟಿನಲ್ಲಿ ಮೂರು ಸಲ ಕುದಿಯಿತು. ಮೂರನೆಯ ಸಲ ತಂದ ನೀರೆಲ್ಲ ಮುಗಿದಿತ್ತು. ನಾನು ರಸ್ತೆಯ ಮೇಲೆ ನಿಂತು ಗಾಡಿಯನ್ನೂ ಏಜೆನ್ಸಿಯನ್ನೂ ಬಾಯಿಗೆ ಬಂದಂತೆ ಬೈಯುತ್ತಿದ್ದಾಗ ಕಾಕಾ ಒಂದು ಎತ್ತಿನ ಗಾಡಿಯನ್ನು ಅಡ್ಡಗಟ್ಟಿ ನಿಲ್ಲಿಸಿದ್ದರು. "ಬೈಯೂದು ಆಮ್ಯಾಲ. ಚೀಲ ತಗೊಂಡು ಹತ್ತು. ಇದನ್ನ ನಾ ಕಾಯ್ತೀನಿ," ಎಂದರು. ನಾನು ತಲುಪಿದಾಗ ಕೂಸಿನ ಬಡಿತ ಕ್ಷೀಣವಾಗಿತ್ತು. ಬದುಕಿತು, ಆದರೆ ಅರ್ಧ ತಾಸು ತಡವಾಗಿದ್ದರೆ ಬದುಕುತ್ತಿರಲಿಲ್ಲ. ಎತ್ತಿನ ಗಾಡಿ ಆ ಹೊತ್ತಿಗೆ ಆ ದಾರಿಯಲ್ಲಿ ಬಂದದ್ದು ನನ್ನ ಜಾಣತನವಲ್ಲ. ವಾಪಸು ಬರುವಾಗ ನನಗೆ ಒಂದೇ ಹೆದರಿಕೆ. ಈ ಗಾಡಿಯನ್ನು ನಂಬಿ ಇನ್ನೊಬ್ಬಳು ಬೇನೆ ತಿನ್ನುತ್ತ ಕೂತರೆ ಏನು ಗತಿ?

ಮರುದಿನ ಏಜೆನ್ಸಿಯಲ್ಲಿ ಮ್ಯಾನೇಜರ್ ಮೊದಲ ಸಲ ಮುಚ್ಚಳ ತೆಗೆಸಿ ಒಳಗೆ ಟಾರ್ಚು ಬಿಟ್ಟು ನೋಡಿದ. ಚಿಮಟಿಗೆ ಹಾಕಿ ಏನನ್ನೋ ಎತ್ತಿದ. ಬೆಂದು ಕಪ್ಪಾಗಿದ್ದ ತುಳಸಿಯ ಎಲೆ. ಅವನ ಮೃದು ಮಾತು ಅಲ್ಲಿಗೆ ನಿಂತಿತು. ಗಾಡಿಯ ನೀರಿನಲ್ಲಿ ಕಸ ಹಾಕಿದ್ದೀರಿ, ಅದು ದಾರಿ ಕಟ್ಟಿದೆ, ಇದು ತಪ್ಪು ಬಳಕೆ, ಗ್ಯಾರಂಟಿ ಮುಗಿಯಿತು ಎಂದ. ಎಲೆಯನ್ನು ಲಕೋಟೆಯೊಳಗೆ ಹಾಕಿ ನನ್ನ ಫೈಲಿಗೆ ಪಿನ್ನು ಚುಚ್ಚಿದ.

ಮನೆಗೆ ಬಂದು ಕೂಗಾಡಿದೆ. ಬುಧವಾರ ಪೇಟೆಯಲ್ಲಿ ನನಗೆ ಗೊತ್ತಿದ್ದ ಮಿಸ್ತ್ರಿ ಒಬ್ಬನಿದ್ದ. ಅವನನ್ನು ಕರೆಸಿ ಎಂಜಿನ್ ಬಿಚ್ಚಿಸಿಬಿಡುತ್ತೇನೆ ಎಂದು ಹೊರಟೆ. ಕಾಕಾ ಗಾಡಿಯ ಮುಂದೆ ಬಂದು ನಿಂತರು.

"ಒಂದು ನಟ್ಟು ಮುಟ್ಟಿದಿ ಅಂದ್ರ ಆ ಕಾಗದ ಸತ್ತಂಗ."

"ಅದು ಆಗಲೇ ಸತ್ತದ ಕಾಕಾ. ಅವ್ವನ ತೀರ್ಥ ಕುಡದು ಸತ್ತದ."

"ಸತ್ತಿಲ್ಲ. ಇನ್ನೂ ಮೂವತ್ತೊಂದು ದಿನ ಅವ." ಅವರು ಕೋಲು ತಂದು ಗಾಡಿ ಚಾಲೂ ಮಾಡಿಸಿದರು. ಎಂಜಿನ್ನಿನ ಮುಂದಿನ ಭಾಗಕ್ಕೆ ಕೋಲು ತಾಗಿಸಿ ಕಚ್ಚಿದರು, ನಡುವೆ, ಕೊನೆಗೆ ಹಿಂದೆ. ಹಿಂದಿನ ತುದಿಯಲ್ಲಿ ಭಾಳ ಹೊತ್ತು ನಿಂತರು. ಬಾಯಿಂದ ಕೋಲು ತೆಗೆದು, "ಮೂರು ಸಿಲಿಂಡರು ಸುಮ್ಮನ ಅವ. ನಾಲ್ಕನೇದು ಒಂದ ಕುದೀತದ. ಅಲ್ಲಿ ನೀರು ಹೋಗ್ತಿಲ್ಲ. ತುಳಸಿ ಅಷ್ಟ ದೂರ ಹೋಗೂದುಲ್ಲ, ಮುಂದಿನ ಜಾಳಿಗಿ ದಾಟೂದುಲ್ಲ," ಎಂದರು. ಮುಂಬಯಿಯಲ್ಲಿ ಕಂಪನಿಯ ದೊಡ್ಡ ಕಚೇರಿ ಇತ್ತು. ಅಲ್ಲಿಗೆ ರಿಜಿಸ್ಟರ್ ಪತ್ರ ಬರೆಯುವುದು, ನೋಟ್‌ಬುಕ್ಕಿನ ಪುಟಗಳನ್ನು ಇಂಗ್ಲಿಷಿಗೆ ಇಳಿಸಿ ಜೊತೆಗೆ ಕಳಿಸುವುದು ಎಂದು ನಿಶ್ಚಯವಾಯಿತು.

ನಮ್ಮ ಜಗಳವಾದದ್ದು ಆಗ. ನಾನು ಎಡಗಡೆಯ ಪುಟಗಳನ್ನು ಮಾತ್ರ ನಕಲು ಮಾಡಿದೆ. ಅವರು ಹಾಳೆಗಳನ್ನು ಎಣಿಸಿ, "ಉಳದದ್ದು ಎಲ್ಲೆದ?" ಎಂದರು. ಅದನ್ನು ಕಳಿಸಿದರೆ ನಮ್ಮ ಕೈಯಿಂದಲೇ ನಮ್ಮ ಕತ್ತು ಕೊಟ್ಟಂತೆ, ಮ್ಯಾನೇಜರನಿಗೆ ಸಿಕ್ಕದ್ದು ಒಂದು ಎಲೆ, ನೀವು ಮೂರು ಉದ್ಧರಣೆಯ ಲೆಕ್ಕವನ್ನೂ ಕೊಡುತ್ತಿದ್ದೀರಿ ಎಂದು ರೇಗಿದೆ. ಅವರು ಚಹಾದ ಕಪ್ಪನ್ನು ಅರ್ಧಕ್ಕೇ ಕೆಳಗಿಟ್ಟರು.

"ಡಾಕ್ಟರಬಾಯಿ, ಪುಸ್ತಕಕ್ಕ ಎರಡು ಪುಟ ಇರ್ತಾವ. ಒಂದು ಹರದ ಮ್ಯಾಲ ಅದು ಪುಸ್ತಕ ಅಲ್ಲ, ತಕರಾರು. ತಕರಾರು ಯಾರು ಬೇಕಾದ್ರೂ ಬರೀತಾರ. ನನ್ನ ಹೆಸರು ಅದರಾಗ ಬ್ಯಾಡ."

ಎರಡು ದಿನ ಚಹಾಕ್ಕೆ ಬರಲಿಲ್ಲ. ಅಂಗಳದಲ್ಲಿ ಎದುರಾದರೂ ಗಡಿಯಾರ ನೋಡಿಕೊಳ್ಳುತ್ತ ಹೋದರು. ನನಗೆ ಸಿಟ್ಟಿಗಿಂತ ನಾಚಿಕೆ ಹೆಚ್ಚಾಗಿತ್ತು, ಆದರೆ ತಪ್ಪೊಪ್ಪಿಕೊಳ್ಳುವ ಅಭ್ಯಾಸ ಡಾಕ್ಟರಿಗೆ ಇರುವುದಿಲ್ಲ. ಮೂರನೆಯ ದಿನ ಅವ್ವನೇ ವಿಷಯ ಎತ್ತಿದಳು. "ಅವರ ಪುಸ್ತಕದಾಗ ನನ್ನ ವಿಷಯ ಅದಂತಲ್ಲ, ಅದನ್ನ ನೀ ಮುಚ್ಚಿಡ್ತೀಯಂತ?" ಎಂದಳು. ಹೌದು ಎಂದೆ. "ಯಾಕ? ನಾ ಕಳವು ಮಾಡೀನೇನು? ಹಾಕಿದ್ದು ತೀರ್ಥ. ಹಾಕಿದಾಕಿ ನಾನು. ನನ್ನ ಕಡಿಂದ ತಪ್ಪಾಗ್ಯದ ಅಂತ ಬರಿ, ಬೇಕಾದ್ರ ಕೆಳಗ ನಾ ಸಹಿ ಮಾಡ್ತೀನಿ." ಅವ್ವನಿಗೆ ಬರೆಯಲು ಬರುತ್ತಿದ್ದದ್ದು ತನ್ನ ಹೆಸರಷ್ಟೇ. ಕಾಗದದ ಕೊನೆಗೆ ದೊಡ್ಡ ದೊಡ್ಡ ಕನ್ನಡ ಅಕ್ಷರಗಳಲ್ಲಿ ಸಹಿ ಮಾಡಿದಳು. ಎರಡೂ ಪುಟಗಳ ನಕಲನ್ನು ನಾನು ಅಂಗಳ ದಾಟಿ ಒಯ್ದು ತೋರಿಸಿದೆ. ಕಾಕಾ ಹಾಳೆ ಎಣಿಸಿ, "ಚಹಾ ಆಗ್ಯದೇನು?" ಎಂದು ಕೇಳಿದರು.

ಉತ್ತರ ಬೇಗ ಬರಲಿಲ್ಲ. ತೊಂಬತ್ತರಲ್ಲಿ ಐದು ದಿನ ಉಳಿದಿದ್ದಾಗ ಮುಂಬಯಿಯಿಂದ ಕಂಪನಿಯ ಎಂಜಿನಿಯರ್ ಬಂದರು. ಬಿಳಿ ಮೀಸೆಯ ಪಾರ್ಸಿ ಹಿರಿಯರು. ಏಜೆನ್ಸಿಯ ಅಂಗಳದಲ್ಲಿ ನಾವು ಮೂವರೂ ಹಾಜರಾದೆವು. ಅವ್ವ ಪಟ್ಟು ಹಿಡಿದು ಬಂದಿದ್ದಳು. ಮ್ಯಾನೇಜರ್ ಫೈಲಿನಿಂದ ಲಕೋಟೆ ತೆಗೆದು ಎಲೆಯನ್ನು ಮುಂದಿಟ್ಟ. ಎಂಜಿನಿಯರ್ ಅದನ್ನು ನೋಡಲೂ ಇಲ್ಲ. ನನ್ನ ನಕಲನ್ನು ಜೇಬಿನಿಂದ ತೆಗೆದು, ಮೂಲ ಪುಸ್ತಕ ಎಲ್ಲಿ ಎಂದು ಕೇಳಿದರು. ಕಾಕಾ ಕೊಟ್ಟರು. ಕನ್ನಡ ಬಾರದ ಅವರು ಬೆರಳಿಟ್ಟು ತಾರೀಖುಗಳನ್ನು ತಾಳೆ ನೋಡಿದರು. ಗಾಡಿ ಮೊದಲು ಕುದಿದದ್ದು ಖಂಡೇನವಮಿಗಿಂತ ಮೂರು ದಿನ ಮೊದಲು. ಎರಡೂ ಸಂಗತಿ ಎದುರುಬದುರು ಪುಟಗಳಲ್ಲಿ, ಒಂದೇ ಶಾಯಿಯಲ್ಲಿದ್ದವು.

"ಯೇ ತುಳಸಿ ಕಾ ಬಾತ್ ಕಿಸ್ನೇ ಲಿಖಾ?" ಈ ತುಳಸಿಯ ಮಾತು ಬರೆದವರು ಯಾರು ಎಂದು ಕೇಳಿದರು.

"ಮೈನೇ ಸಾಬ್," ಎಂದು ಕಾಕಾ ಹಿಂದಿಯಲ್ಲೇ ಒಪ್ಪಿಕೊಂಡರು.

ಎಂಜಿನಿಯರ್ ಮ್ಯಾನೇಜರನ ಕಡೆ ತಿರುಗಿ, ನನ್ನ ಮೇಜಿನ ಮೇಲೆ ದಿನಾ ತಕರಾರು ಬಂದು ಬೀಳುತ್ತವೆ, ಗಾಡಿ ಏನು ಮಾಡಿತೆಂದು ಎಲ್ಲರೂ ಬರೆಯುತ್ತಾರೆ, ತಾವು ಏನು ಮಾಡಿದೆವೆಂದು ಬರೆದವರು ಇವರೊಬ್ಬರೇ, ಅದಕ್ಕೇ ನಾನೇ ಬಂದೆ ಎಂದರು. ಗಾಡಿ ಚಾಲೂ ಆಯಿತು. ಕಾಕಾ ಕೋಲು ಕಚ್ಚಿ ಹಿಂದಿನ ತುದಿ ತೋರಿಸಿದರು. ಆ ದೊಡ್ಡ ಮನುಷ್ಯ ಒಂದು ಕ್ಷಣ ಯೋಚಿಸಿ, ಕೋಲನ್ನು ಕರವಸ್ತ್ರದಿಂದ ಒರೆಸಿ, ತಾವೂ ಕಚ್ಚಿ ಬಗ್ಗಿ ನಿಂತರು. ಮ್ಯಾನೇಜರ್ ಬಿಟ್ಟ ಬಾಯಿ ಬಿಟ್ಟಂತೆ ನೋಡುತ್ತಿದ್ದ. ಎದ್ದು ನಿಂತ ಎಂಜಿನಿಯರ್ ಒಂದೇ ಮಾತು ಹೇಳಿದರು: ಬಿಚ್ಚಿ.

ಬಿಚ್ಚಲು ಮಧ್ಯಾಹ್ನದವರೆಗೆ ಹಿಡಿಯಿತು. ನಾಲ್ಕನೆಯ ಸಿಲಿಂಡರಿನ ಸುತ್ತ ನೀರು ಹರಿಯಬೇಕಾದ ಸಂದಿನಲ್ಲಿ, ಎರಕ ಹೊಯ್ದಾಗ ಕಾರ್ಖಾನೆಯಲ್ಲಿ ತೆಗೆಯದೇ ಉಳಿದ ಮರಳು ಇಟ್ಟಿಗೆಯಂತೆ ಗಟ್ಟಿಯಾಗಿ ಕೂತಿತ್ತು. ಎಂಜಿನಿಯರ್ ಅದನ್ನು ಉಳಿಯಿಂದ ಕೆರೆದು ತಮ್ಮ ಅಂಗೈ ಮೇಲೆ ಹಾಕಿಕೊಂಡು ಮ್ಯಾನೇಜರನಿಗೆ ತೋರಿಸಿದರು. ಎಂಜಿನ್ ಬ್ಲಾಕನ್ನೇ ಬದಲಿಸಿಕೊಡಬೇಕೆಂದು ಅಲ್ಲಿಯೇ ಬರೆದು ಸಹಿ ಮಾಡಿದರು. ನನಗೆ ಅಳು ಬಂತು. ಅಳುತ್ತಿದ್ದೇನೆಂದು ಯಾರಿಗೂ ತಿಳಿಯಬಾರದೆಂದು ಮರಳನ್ನೇ ನೋಡುತ್ತ ನಿಂತೆ.

ಎಲ್ಲರೂ ಹೊರಟಾಗ ಅವ್ವ ಮಾತ್ರ ಮೇಜಿನ ಹತ್ತಿರ ನಿಂತೇ ಇದ್ದಳು. ತನಗೆ ಬಂದ ಮರಾಠಿಯಲ್ಲಿ ಮ್ಯಾನೇಜರನಿಂದ ಲಕೋಟೆ ಕೇಳಿದಳು. ಅದೇಕೆ ಬಾಯಿ ಎಂದನಾತ. ಅದು ನಿರ್ಮಾಲ್ಯ, ಕಂಡ ಕಂಡಲ್ಲಿ ಒಗೆಯುವುದಲ್ಲ, ತುಳಸಿಯ ಬುಡಕ್ಕೆ ಹಾಕಬೇಕು ಎಂದಳು ಅವ್ವ. ಆತ ಪಿನ್ನು ಬಿಚ್ಚಿ, ಎರಡೂ ಕೈಯಿಂದ ಕೊಟ್ಟ. ಮುಂದೆ ಅವನ ಮನೆಯ ಎರಡು ಹೆರಿಗೆ ನಾನೇ ಮಾಡಿಸಿದೆ.

ಹೊಸ ಬ್ಲಾಕು ಹಾಕಿದ ಮೇಲೆ ಮೊದಲ ಸಲ ಘಾಟ್ ಏರಿದ ದಿನ ನೋಟ್‌ಬುಕ್ಕಿನ ಎಡಕ್ಕೆ "ನಿಲ್ಲದೆ ಏರಿತು. ನೀರು ತಣ್ಣಗಿದೆ" ಎಂದಿದೆ. ಬಲಕ್ಕೆ, "ಹಿಂದೆ ಸುಮ್ಮನೆ ಕೂತಿದ್ದೆ." ಮಂಡಳಿಯವರು ನನ್ನನ್ನು ಮುಂದುವರಿಸಿದರು. ಆ ಗಾಡಿ ವರ್ಷಗಟ್ಟಲೆ ಆ ಘಾಟನ್ನು ಹತ್ತಿ ಇಳಿಯಿತು. ನನ್ನ ಹೆರಿಗೆಯ ದಾಖಲೆಗಳಲ್ಲೂ ನಾನು ಎರಡು ಪುಟ ಮಾಡಿಕೊಂಡೆ. ರೋಗಿಗೆ ಆದದ್ದು ಎಡಕ್ಕೆ, ನಾನು ಮಾಡಿದ್ದು ಬಲಕ್ಕೆ. ಬಲಗಡೆ ಬರೆಯುವಾಗ ಕೈ ತಡೆದ ದಿನಗಳಿವೆ. ಆದರೆ ಎಷ್ಟೋ ತಾಯಂದಿರು ಬದುಕಿದ್ದು ಹಿಂದಿನ ಬಸುರಿಯ ಬಲಗಡೆಯ ಪುಟದಿಂದ ನಾನು ಕಲಿತದ್ದರಿಂದ. ಕಾಲೇಜಿನಲ್ಲಿ ಇದನ್ನು ನನಗೆ ಯಾರೂ ಕಲಿಸಿರಲಿಲ್ಲ.

ಆಮೇಲೆ ಎರಡನೆಯ ಮಹಾಯುದ್ಧ ನಡೆದಿದ್ದ ಕಾಲ, ಪೆಟ್ರೋಲಿಗೆ ಕೂಪನ್ ಇತ್ತು. ಆ ಮಳೆಗಾಲದಲ್ಲಿ ಕಾಕಾ ಅಂಗಳ ದಾಟುವಾಗ ಎರಡು ಸಲ ನಿಲ್ಲತೊಡಗಿದರು. ಮಲಗಿಸಿ ಎದೆ ಪರೀಕ್ಷಿಸಿದೆ. "ಏನು ಕೇಳಿಸ್ತು?" ಎಂದರು. ಏನಿಲ್ಲ ಕಾಕಾ, ಸ್ವಲ್ಪ ದಣಿವು ಅಷ್ಟ ಎಂದೆ. ಅವರು ನನ್ನನ್ನೇ ನೋಡಿದರು. "ಆದದ್ದು ಹೇಳು." ಹೇಳಿದೆ. "ಬರಿ," ಎಂದು ದಿಂಬಿನ ಕೆಳಗಿನಿಂದ ನೋಟ್‌ಬುಕ್ ತೆಗೆದುಕೊಟ್ಟರು. ಎಡಕ್ಕೆ, ಬಡಿತ ತಪ್ಪುತ್ತಿದೆ, ಕಾಲು ಬಾತಿವೆ ಎಂದು ಬರೆದೆ. "ಬಲಕ್ಕ?" ಎಂದರು. "ಏನಿಲ್ಲ ಎಂದು ಸುಳ್ಳು ಹೇಳಿದೆ" ಎಂದು ಬರೆದು ಗಟ್ಟಿಯಾಗಿ ಓದಿದೆ. ಕೆಮ್ಮು ಬರುವಷ್ಟು ನಕ್ಕರು. "ಈಗ ಬರೋಬ್ಬರಿ ಆತು ನೋಡು. ಹೆದರಬ್ಯಾಡ ತಂಗಿ, ನನ್ನ ತೊಂಬತ್ತು ದಿನ ಯಾವಾಗೋ ಮುಗದಾವ."

ಒಂದು ವಾರದ ಮೇಲೆ, ಬೆಳಗಿನ ಚಹಾದ ಹೊತ್ತಿಗೆ ಸಾಸವಡದ ಕಡೆಯಿಂದ ಕರೆ ಬಂತು. ನಾನು ಅವರ ಹಾಸಿಗೆಯ ಬದಿಯಲ್ಲಿ ಕೂತಿದ್ದೆ, ಏಳಲು ಮನಸ್ಸಿರಲಿಲ್ಲ. ಅವರು ಕಣ್ಣು ತೆರೆದು, ಕೈಯಿಂದಲೇ ಹೋಗು ಎಂದು ಸನ್ನೆ ಮಾಡಿ, ಗಡಿಯಾರ ನೋಡಿದರು. ನಾನು ಮರಳಿ ಬಂದಾಗ ಅವ್ವ ಅಂಗಳದಲ್ಲಿ ಕೂತಿದ್ದಳು, ನನಗೆ ತಿಳಿಯಿತು.

ಆ ನೋಟ್‌ಬುಕ್ಕಿನ ಕೊನೆಯ ದಾಖಲೆ ನನ್ನದು. ಎಡಕ್ಕೆ: "ಹನ್ನೊಂದು ಗಂಟೆಗೆ ನಿಂತಿತು." ಬಲಕ್ಕೆ: "ನಾನು ಹತ್ತಿರ ಇರಲಿಲ್ಲ. ಘಾಟಿನ ಆಚೆ ಇದ್ದೆ. ಹೆಣ್ಣು ಮಗು. ತಾಯಿ, ಕೂಸು ಇಬ್ಬರೂ ಚೆನ್ನಾಗಿದ್ದಾರೆ. ಗಾಡಿ ಎಲ್ಲಿಯೂ ಕುದಿಯಲಿಲ್ಲ."